ಆರ್‌4: ಕನ್ನ ಕೊರೆದವರು ಒಬ್ಬರು, ದೋಚಿದವರು ಇನ್ನೊಬ್ಬರು

2004ರ ಕೊನೆಗೆ ಬಂದ ನಿಂಟೆಂಡೊ ಡಿಎಸ್, ಪ್ರೋಗ್ರಾಂ ಬರೆಯುವ ಚಟವಿದ್ದವರ ಕೈ ತುರಿಸುವಂಥ ಯಂತ್ರ. ಎರಡು ಪರದೆ, ಅದರಲ್ಲೊಂದು ಟಚ್‌ಸ್ಕ್ರೀನ್, ಜೊತೆಗೆ ವೈಫೈ. ಆದರೆ ಕಂಪನಿ ಒಪ್ಪಿದ ಕಾರ್ಡು ಬಿಟ್ಟು ಬೇರೇನನ್ನೂ ಅದು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಾರ್ಡು ಮತ್ತು ಯಂತ್ರದ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ.

ಎಲ್ಲ ಎಂದರೆ ತಪ್ಪಾದೀತು. ಕಾರ್ಡಿನ ಮೊದಲ ಭಾಗ, ಆಟ ಎಲ್ಲಿಂದ ಶುರುವಾಗಬೇಕು ಎಂದು ಹೇಳುವ ವಿಳಾಸವಿರುವ ಭಾಗ, ಬಟಾಬಯಲಾಗಿತ್ತು. 2005ರಲ್ಲಿ ಹವ್ಯಾಸಿಗಳು ಹಿಡಿದದ್ದು ಅದನ್ನೇ. ‘ಪಾಸ್‌ಮಿ’ ಎಂಬ ಪುಟ್ಟ ಸರ್ಕ್ಯೂಟಿಗೆ ದುಡ್ಡು ಕೊಟ್ಟು ಕೊಂಡ ಅಸಲಿ ಆಟದ ಕಾರ್ಡು ಸಿಕ್ಕಿಸಿ ಡಿಎಸ್‌ಗೆ ಹಾಕಬೇಕು. ಗುಟ್ಟಿನ ಮಾತುಕತೆಯನ್ನು ಅಸಲಿ ಕಾರ್ಡೇ ಮುಗಿಸಿಕೊಡುತ್ತದೆ. ಪಾಸ್‌ಮಿ ಮಾಡುವುದು ಇಷ್ಟೇ: ಆ ವಿಳಾಸ ಹಾದುಹೋಗುವಾಗ ಅದನ್ನು ತಿದ್ದಿ, ಹಳೆಯ ಗೇಮ್‌ಬಾಯ್ ಆಟಗಳಿಗೆಂದು ಇಟ್ಟಿದ್ದ ಕೆಳಗಿನ ಕಿಂಡಿಯತ್ತ ತಿರುಗಿಸುತ್ತದೆ. ಕರೆಯೋಲೆ ಇದ್ದವರ ಬೆನ್ನಿಗಂಟಿಕೊಂಡು ಮದುವೆ ಊಟಕ್ಕೆ ನುಗ್ಗಿದ ಹಾಗೆ.

ಮುಂದೆ ಗೂಢಲಿಪಿಯೂ ಒಡೆಯಿತು. ಅಸಲಿ ಕಾರ್ಡಿನ ಹಂಗೂ ತಪ್ಪಿತು. 2007ರ ಹೊತ್ತಿಗೆ ಎಲ್ಲರ ಬಾಯಲ್ಲೂ ಆರ್‌4 ಎಂಬ ಫ್ಲ್ಯಾಶ್ ಕಾರ್ಡು. ಆಟದ ಕಾರ್ಡಿನಷ್ಟೇ ಗಾತ್ರ, ಹೊಟ್ಟೆಯಲ್ಲಿ ಮೈಕ್ರೊಎಸ್‌ಡಿ. ಮೊದಲ ಆರ್‌4ಗೆ 2 ಜಿಬಿಗಿಂತ ದೊಡ್ಡದು ಆಗಿಬರುವುದಿಲ್ಲ. ಮೈಕ್ರೊಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿ, ಆರ್‌4 ಅನ್ನು ನಡೆಸುವ ಕರ್ನೆಲ್ ಫೈಲುಗಳನ್ನು ಅದಕ್ಕೆ ನಕಲು ಮಾಡಬೇಕು. ಮೆನು ಫೈಲು ಯಾವುದಾದರೂ ಫೋಲ್ಡರಿನೊಳಗೆ ಕೂತಿತೋ, ‘ಸಿಗಲಿಲ್ಲ’ ಎಂದು ಪರದೆ ಅಲ್ಲೇ ಮುಷ್ಕರ ಹೂಡುತ್ತದೆ.

ಆಗ ತಲೆಗೊಂದು ಬ್ರಾಂಡಿನ ಕಾರ್ಡು, ಬ್ರಾಂಡಿಗೊಂದು ಓದುವ ರೀತಿ. ಪ್ರೋಗ್ರಾಮಿಗೆ ಆಯಾ ಕಾರ್ಡಿನ ಡ್ರೈವರ್ ತುಣುಕನ್ನು ಅಂಟಿಸುವ ಡಿಎಲ್‌ಡಿಐ ಬಂದು ಆ ರಗಳೆ ತಪ್ಪಿತು. ಹೋಮ್‌ಬ್ರೂ, ಅಂದರೆ ಹವ್ಯಾಸಿಗಳೇ ಬರೆದ ಪ್ರೋಗ್ರಾಂಗಳು, ಬೆಳೆಯಲು ಆರ್‌4ಗಿಂತ ಇದೇ ಮುಖ್ಯ ಎನ್ನುತ್ತೇನೆ. ಹಾಡು, ವಿಡಿಯೊಗೆ ಮೂನ್‌ಶೆಲ್, ದಿನಚರಿಗೆ ಡಿಎಸ್‌ಆರ್ಗನೈಜ್, ಚಿತ್ರ ಬರೆಯಲು ಕಲರ್ಸ್. ಎಲ್ಲವೂ ಬಿಟ್ಟಿ.

ಆದರೆ ಆರ್‌4 ಕೊಂಡವರಲ್ಲಿ ಬಹುಪಾಲು ಜನರ ಕಣ್ಣಿದ್ದದ್ದು ಕದ್ದ ಆಟಗಳ ಮೇಲೆ. ಕಾರ್ಡು ಅಗ್ಗವಾದದ್ದೂ ಅದರಿಂದಲೇ ಇರಬೇಕು. 2008ರಲ್ಲಿ ನಿಂಟೆಂಡೊ ಮತ್ತು 54 ಆಟದ ಕಂಪನಿಗಳು ಆರ್‌4 ಮಾರುವವರ ಮೇಲೆ ಟೋಕಿಯೊದಲ್ಲಿ ದಾವೆ ಹೂಡಿದವು. ಮರುವರ್ಷ ಮಾರಾಟಕ್ಕೆ ತಡೆ ಬಿತ್ತು. ಹೋಮ್‌ಬ್ರೂಗೂ ಬಳಸಬಹುದಲ್ಲ ಎಂಬ ವಾದವನ್ನು 2010ರಲ್ಲಿ ಬ್ರಿಟನ್ನಿನ ನ್ಯಾಯಾಲಯವೂ ಒಪ್ಪಲಿಲ್ಲ. ಮಾರಾಟಗಾರರ ಮಟ್ಟಿಗೆ ತೀರ್ಪು ಸರಿಯೇ. ಹವ್ಯಾಸಿಗಳನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಇದೇ ಕಲರ್ಸ್‌ನ 3ಡಿ ಆವೃತ್ತಿ 2012ರಲ್ಲಿ ನಿಂಟೆಂಡೊದ ಸ್ವಂತ ಆನ್‌ಲೈನ್ ಅಂಗಡಿಯಲ್ಲೇ ಮಾರಾಟಕ್ಕೆ ಬಂತು!

ಡಿಎಸ್‌ನ ನಂತರ ಬಂದ ಡಿಎಸ್‌ಐ, 3ಡಿಎಸ್ ಇದ್ದವರಿಗೆ ಈಗ ಫ್ಲ್ಯಾಶ್ ಕಾರ್ಡೇ ಬೇಡ. ಉಚಿತವಾದ ಟ್ವೈಲೈಟ್ ಮೆನು ಎಂಬ ಪ್ರೋಗ್ರಾಂ ಎಸ್‌ಡಿ ಕಾರ್ಡಿನಿಂದಲೇ ನಡೆಯುತ್ತದೆ. ಹಳೆಯ ಡಿಎಸ್‌ಗೆ ಆರ್‌4 ಕೊಳ್ಳುವವರು ಮಾತ್ರ ಹುಷಾರು: ಕೆಲವು ನಕಲಿ ಕಾರ್ಡುಗಳು ನಿಗದಿತ ತಾರೀಖು ದಾಟಿದರೆ ತಾವಾಗಿಯೇ ಕೈಕೊಡುತ್ತವೆ. ಹಾಗಾದರೆ ಎಸೆಯಬೇಡಿ, ಡಿಎಸ್‌ನ ತಾರೀಖನ್ನು ಹಿಂದಕ್ಕೆ ತಿರುಗಿಸಿ ನೋಡಿ.