ಕರುವಿನ ಕಣಜ ತುಂಬುವುದು ಯಾವಾಗ?

ಕರೆಯುವ ಹಸುವಿಗೆ ಹಿಂಡಿ, ಬೂಸಾ, ಲವಣ ಮಿಶ್ರಣ. ಹಾಲು ಬತ್ತಿದ ಗಬ್ಬದ ಹಸುವಿಗೆ ಒಣ ಹುಲ್ಲು. ನಮ್ಮ ಎಷ್ಟೋ ಕೊಟ್ಟಿಗೆಗಳಲ್ಲಿ ನಡೆದುಬಂದ ಲೆಕ್ಕ ಇದು. ಡೇರಿಯಿಂದ ಹಣ ಬರುವುದು ಹಾಲಿಗೆ, ಹಾಗಾಗಿ ಖರ್ಚೂ ಹಾಲಿಗೇ ಎನ್ನುವವರನ್ನು ದೂರುವಂತಿಲ್ಲ. ಹಿಂಡಿಯ ಬೆಲೆ ಕೇಳಿದವರಿಗೆ ಅದರ ಬಿಸಿ ಗೊತ್ತು. ಆದರೆ ಕರುವಿನ ಕಡೆಯಿಂದ ನೋಡಿದರೆ ಈ ಲೆಕ್ಕ ತಲೆಕೆಳಗಾಗಿದೆ. ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಹುಟ್ಟುವಾಗ ಕರುವಿಗಿರುವ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೂಡಿಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. ತಾಮ್ರ, ಸತು, ಕಬ್ಬಿಣದಂಥ ಖನಿಜಗಳು ತಾಯಿಯಿಂದ ಕರುವಿಗೆ ಹೆಚ್ಚಾಗಿ ಹರಿಯುವುದೂ ಆಗಲೇ. ನಾವು ಮೇವಿನಲ್ಲಿ ಕೈ ಬಿಗಿ ಹಿಡಿಯುವುದೂ ಸರಿಯಾಗಿ ಆ ತಿಂಗಳುಗಳಲ್ಲೇ.

ಹುಟ್ಟಿದ ಮೇಲೆ ಹೇಗೂ ಹಾಲು ಕುಡಿಯುತ್ತದಲ್ಲ, ಕೊರತೆ ಅಲ್ಲಿ ತುಂಬಿಕೊಳ್ಳುತ್ತದೆ ಎಂದು ನಾವು ನಂಬಿದ್ದೇವೆ. ಹಾಲು ಸಂಪೂರ್ಣ ಆಹಾರ ಎಂಬ ಮಾತನ್ನು ಶಾಲೆಯಿಂದಲೂ ಕೇಳಿಕೊಂಡು ಬಂದವರು ನಾವು. ಸುಣ್ಣದ ಅಂಶದ ಮಟ್ಟಿಗೆ ಆ ಮಾತು ನಿಜ: ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದೇ ಲೀಟರಿನಲ್ಲಿ ಕಬ್ಬಿಣ ಹುಡುಕಿದರೆ ಸಿಗುವುದು ಅರ್ಧ ಮಿಲಿಗ್ರಾಂ ಆಸುಪಾಸು, ತಾಮ್ರ ಅದಕ್ಕಿಂತಲೂ ಕಡಿಮೆ. ಕರೆಯುವ ಹಸುವಿಗೆ ಕಬ್ಬಿಣವನ್ನು ಎಷ್ಟು ತಿನ್ನಿಸಿದರೂ ಹಾಲಿನ ಕಬ್ಬಿಣ ಏರುವುದಿಲ್ಲ. ಹೆಚ್ಚಿಗೆ ಕೊಟ್ಟದ್ದನ್ನು ಕೆಚ್ಚಲು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಪ್ರಕೃತಿ ಇದಕ್ಕೆ ಬೇರೆ ದಾರಿ ಮಾಡಿಕೊಂಡಿದೆ. ಗರ್ಭದಲ್ಲಿರುವಾಗಲೇ ಕರುವಿನ ಪಿತ್ತಜನಕಾಂಗದಲ್ಲಿ ಈ ಖನಿಜಗಳ ದಾಸ್ತಾನು ಆಗಿರುತ್ತದೆ. ಸುಗ್ಗಿಯಲ್ಲಿ ತುಂಬಿಟ್ಟ ಕಣಜದಿಂದ ಮಳೆಗಾಲ ಕಳೆಯುವ ಹಾಗೆ, ಹುಲ್ಲು ಮೇಯಲು ಕಲಿಯುವವರೆಗೆ ಕರು ಆ ದಾಸ್ತಾನಿನಿಂದ ತೆಗೆದು ಬಳಸುತ್ತದೆ. ಚೆನ್ನಾಗಿ ಮೇವುಂಡ ಹಸುವಿನ ಕರು ಹುಟ್ಟುವಾಗ ಅದರ ಪಿತ್ತಜನಕಾಂಗದ ತಾಮ್ರದ ಸಾಂದ್ರತೆ ತಾಯಿಯದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಗಿಣ್ಣು ಹಾಲಿನಲ್ಲಿ ಖನಿಜಗಳು ಒಂದಿಷ್ಟು ಹೆಚ್ಚಿರುತ್ತವೆ, ನಿಜ. ಆದರೆ ಗಿಣ್ಣು ಬರುವುದು ಮೂರು ನಾಲ್ಕು ದಿನ.

ಕಣಜ ಖಾಲಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಅತಿ ಸ್ಪಷ್ಟವಾದ ಉದಾಹರಣೆ ಪಶ್ಚಿಮ ಆಸ್ಟ್ರೇಲಿಯಾದ್ದು. ಪರ್ತ್ ನಗರದ ಉತ್ತರಕ್ಕಿರುವ ಗಿಂಗಿನ್ ಸೀಮೆಯಲ್ಲಿ ಕುರಿಮರಿಗಳು ಹಿಂಗಾಲು ತೂರಾಡಿಸುತ್ತ ನಡೆಯುತ್ತಿದ್ದವು. ಮಂದೆಯನ್ನು ಸ್ವಲ್ಪ ಓಡಿಸಿದರೆ ಸೊಂಟ ಒಂದು ಪಕ್ಕಕ್ಕೆ ವಾಲಿ ಬಿದ್ದುಬಿಡುತ್ತಿದ್ದವು. ಅಲ್ಲಿನವರು ಅದನ್ನು ಗಿಂಗಿನ್ ರಿಕೆಟ್ಸ್ ಎಂದು ಕರೆದರು, ಆದರೆ ರೋಗ ಮೂಳೆಯದ್ದಾಗಿರಲಿಲ್ಲ. ಪಶುವೈದ್ಯ ವಿಜ್ಞಾನಿ ಹೆರಾಲ್ಡ್ ಬೆನೆಟ್ಸ್ ಮತ್ತು ಅವರ ಸಹೋದ್ಯೋಗಿ ಚಾಪ್ಮನ್ 1937ರಲ್ಲಿ ಅದರ ಮೂಲವನ್ನು ತೋರಿಸಿಕೊಟ್ಟರು: ಮೇವಿನಲ್ಲಿ ತಾಮ್ರ ತೀರ ಕಡಿಮೆ ಇತ್ತು. ನರಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕೂರಲು ತಾಮ್ರ ಬೇಕು, ಕುರಿಮರಿಯಲ್ಲಿ ಆ ಕೆಲಸದ ದೊಡ್ಡ ಪಾಲು ಮುಗಿಯುವುದು ಗರ್ಭದೊಳಗೇ. ಗಬ್ಬದ ಕುರಿಗಳಿಗೆ ತಾಮ್ರ ಕೊಟ್ಟಾಗ ಮರಿಗಳು ನೆಟ್ಟಗೆ ನಿಂತವು. ಹುಟ್ಟುವಾಗಲೇ ಕಾಲು ಸೋತಿದ್ದ ಮರಿಗೆ ಆಮೇಲೆ ತಾಮ್ರ ಕೊಟ್ಟರೆ ಹಾಳಾದ ನರ ಸರಿಹೋಗಲಿಲ್ಲ. ತಾಯಿಯ ಮೇವಿನ ವಿಷಯದಲ್ಲಿ ಹೊತ್ತು ಎಂಬುದಕ್ಕೆ ಎಷ್ಟು ಬೆಲೆ ಎಂಬುದನ್ನು ಇದಕ್ಕಿಂತ ಖಚಿತವಾಗಿ ಹೇಳುವ ಸಾಕ್ಷ್ಯ ನನಗೆ ಕಾಣುವುದಿಲ್ಲ.

ತಾಯಿ ತಾನು ಸೊರಗಿದರೂ ಹೊಟ್ಟೆಯ ಕೂಸಿಗೆ ಕಡಿಮೆ ಮಾಡುವುದಿಲ್ಲ ಎಂಬ ಮಾತಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಕ್ಯಾಲ್ಸಿಯಂ ವಿಷಯದಲ್ಲಿ ಅದು ಹೆಚ್ಚುಕಡಿಮೆ ನಿಜ. ಮೇವಿನಲ್ಲಿ ಕಡಿಮೆಯಾದದ್ದನ್ನು ಹಸು ತನ್ನ ಮೂಳೆಯಿಂದ ಕರಗಿಸಿ ಕೊಡುತ್ತದೆ. ತಾಮ್ರವನ್ನೂ ಹಸು ಒಂದು ಹಂತದವರೆಗೆ ತನ್ನ ಪಿತ್ತಜನಕಾಂಗದಿಂದ ಕರುವಿಗೆ ದಾಟಿಸುತ್ತದೆ. ಅಯೋಡಿನ್ ಮತ್ತು ಸೆಲೆನಿಯಂ ಹಾಗಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಮೊಂಟಾನಾದಲ್ಲಿ ಮೈಮೇಲೆ ಕೂದಲೇ ಇಲ್ಲದ ಹಂದಿಮರಿಗಳು ಹುಟ್ಟಿ ಸಾಯುತ್ತಿದ್ದವು. ಗಬ್ಬದ ಹಂದಿಗಳಿಗೆ ಅಯೋಡಿನ್ ಕೊಟ್ಟ ಮೇಲೆ ಅದು ನಿಂತಿತು. ಆರೆಗಾನ್‌ನಲ್ಲಿ ಮ್ಯೂತ್, ಓಲ್ಡ್‌ಫೀಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸೂಕ್ಷ್ಮ. ಆ ಪ್ರದೇಶದ ಕುದುರೆಮೆಂತ್ಯದ ಒಣಹುಲ್ಲು ತಿಂದ ಕುರಿಗಳ ಮರಿಗಳಿಗೆ ಮಾಂಸಖಂಡ ಬಿಳಿಚಿಕೊಳ್ಳುವ ರೋಗ ಬರುತ್ತಿತ್ತು. ತಾಯಂದಿರ ಮೇವಿಗೆ ಹತ್ತು ಲಕ್ಷಕ್ಕೆ 0.1 ಪಾಲು, ಅಂದರೆ ಒಂದು ಟನ್ ಮೇವಿಗೆ ಗ್ರಾಮಿನ ಹತ್ತನೇ ಒಂದು ಭಾಗ ಸೆಲೆನಿಯಂ ಸೇರಿಸಿದ್ದೇ ಮರಿಗಳು ಉಳಿದವು. ಅಯೋಡಿನ್, ಸೆಲೆನಿಯಂ ಎರಡೂ ಹಾಲಿಗೂ ಇಳಿಯುತ್ತವೆ ಎಂಬುದು ಸಮಾಧಾನ. ತಾಯಿ ತಿಂದಷ್ಟೇ ಇಳಿಯುತ್ತವೆ ಎಂಬುದು ಆ ಸಮಾಧಾನದ ಇನ್ನೊಂದು ಮುಖ.

ತಾಯಿಯ ಮೇವಿನಿಂದಲೇ ಎಲ್ಲವೂ ಆಗಿಬಿಡುತ್ತದೆ ಎಂದರೆ ಅದೂ ತಪ್ಪು. ಹಂದಿಮರಿ ಹುಟ್ಟುವಾಗ ಅದರ ಮೈಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದಿನಕ್ಕೆ ಬೇಕಾದದ್ದು 7 ಮಿಲಿಗ್ರಾಮಿನಷ್ಟು, ಹಾಲಿನಿಂದ ಸಿಗುವುದು ಸುಮಾರು ಒಂದು. ತಾಯಿಗೆ ಕಬ್ಬಿಣ ತಿನ್ನಿಸಿದರೆ ಮರಿಯ ದಾಸ್ತಾನು ಹೇಳಿಕೊಳ್ಳುವಷ್ಟು ಏರುವುದಿಲ್ಲ, ಹಾಲಿನದ್ದೂ ಏರುವುದಿಲ್ಲ. ಮಣ್ಣು ಕೆದಕಿ ಬೆಳೆಯುವ ಹಂದಿಗೆ ಮಣ್ಣೇ ಕಬ್ಬಿಣ ಕೊಡುತ್ತಿತ್ತು. ಸಿಮೆಂಟ್ ನೆಲದ ಮೇಲೆ ಸಾಕತೊಡಗಿದ ಮೇಲೆ ಮೊದಲ ವಾರದಲ್ಲೇ ಇಂಜೆಕ್ಷನ್ ಕೊಡುವುದು ರೂಢಿಯಾಯಿತು. ಯಾವ ಖನಿಜ ಯಾವ ದಾರಿಯಲ್ಲಿ ಮರಿಯನ್ನು ತಲುಪುತ್ತದೆ ಎಂದು ತಿಳಿಯದೆ ತಾಯಿಗೆ ಸುರಿಯುವುದೂ ದುಡ್ಡು ದಂಡ.

ಅಜ್ಜನ ಕಾಲದ ದನಗಳಿಗೆ ಯಾವ ಲವಣ ಮಿಶ್ರಣ ಇತ್ತು ಎಂಬ ಪ್ರಶ್ನೆಯೂ ಬರುತ್ತದೆ. ಆ ದನಗಳು ಗೋಮಾಳದಲ್ಲಿ ಹತ್ತಾರು ಬಗೆಯ ಹುಲ್ಲು, ಸೊಪ್ಪು ಮೇಯುತ್ತಿದ್ದವು, ಕೊಡುತ್ತಿದ್ದ ಹಾಲು ಸೇರಿನ ಲೆಕ್ಕದಲ್ಲಿತ್ತು. ಕಟ್ಟಿಹಾಕಿದ ಮಿಶ್ರತಳಿ ಹಸುವಿಗೆ ಆ ಆಯ್ಕೆಯೇ ಇಲ್ಲ. ರಾಗಿ ಹುಲ್ಲು ಸುಣ್ಣದ ಅಂಶದಲ್ಲಿ ಪರವಾಗಿಲ್ಲ. ಭತ್ತದ ಹುಲ್ಲಿನಲ್ಲಿ ರಂಜಕ ಕಡಿಮೆ, ಜೊತೆಗೆ ಅದರ ಆಕ್ಸಲೇಟ್ ಇದ್ದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ಕೊರತೆ ಮಣ್ಣಿನಿಂದ ಮಣ್ಣಿಗೆ ಬೇರೆಯಾಗುವುದರಿಂದಲೇ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆಯಂಥ ಕಡೆ ಆಯಾ ಪ್ರದೇಶಕ್ಕೆ ತಕ್ಕ ಲವಣ ಮಿಶ್ರಣದ ಕೆಲಸ ನಡೆದಿದೆ.

ಹಾಗೆಂದು ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಧಾರಾಳತನವೂ ಬೇಡ. ಕರು ಹಾಕುವ ಮುಂಚಿನ ವಾರಗಳಲ್ಲಿ ಕ್ಯಾಲ್ಸಿಯಂ ಅತಿಯಾದರೆ ಮೂಳೆಯಿಂದ ಸುಣ್ಣ ತೆಗೆಯುವ ವ್ಯವಸ್ಥೆ ಮಂಕಾಗುತ್ತದೆ. ಕರು ಹಾಕಿದ ಕೂಡಲೇ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹರಿದಾಗ ಹಸು ಹಾಲುಜ್ವರದಿಂದ ನೆಲ ಹಿಡಿಯುತ್ತದೆ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಭಾಗದ ಕೆಲವು ಹೊಲಗಳಲ್ಲಿ ಸೆಲೆನಿಯಂ ಅತಿಯಾಗಿ, ಅದೇ ಜಾನುವಾರುಗಳಿಗೆ ವಿಷವಾಗಿದೆ. ಆದ್ದರಿಂದ ಹಸುವಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಒಮ್ಮೆ ಪಶುವೈದ್ಯರನ್ನು ಕೇಳಿ, ಕರೆಯುವಾಗಿನ ಮಿಶ್ರಣವನ್ನೇ ಮುಂದುವರಿಸಬೇಕೇ, ಕೊನೆಯ ವಾರಗಳಿಗೆ ಬದಲಿಸಬೇಕೇ ಎಂದು ತಿಳಿದುಕೊಳ್ಳಿ. ಹಾಲು ಬತ್ತಿತೆಂದು ಸುಮ್ಮನೆ ನಿಲ್ಲಿಸಬೇಡಿ. ಕುರಿಯೂ ಇರುವ ಮನೆಯವರು ಹಸುವಿನ ಪೊಟ್ಟಣವನ್ನು ಕುರಿಗೆ ಹಾಕಲೇಬೇಡಿ. ಹಸು ತಾಳಿಕೊಳ್ಳುವಷ್ಟು ತಾಮ್ರವನ್ನು ಕುರಿ ತಾಳಿಕೊಳ್ಳುವುದಿಲ್ಲ.