ಹಾಲ್‌ನ ಮೂಲೆಯಲ್ಲೇ ಆಟದ ಕೋಣೆ

ಕಗ್ಗದಾಸಪುರದ ಟೂ ಬಿಎಚ್‌ಕೆಯಲ್ಲಿ ಮಕ್ಕಳ ಆಟಕ್ಕೆ ಅಂತಲೇ ಒಂದು ರೂಮ್ ಎಲ್ಲಿಂದ ಬರಬೇಕು? ಬೇಡ ಬಿಡಿ. ಹಾಲ್‌ನಲ್ಲಿ ಬೆಳಕು ಬೀಳೋ ಒಂದು ಮೂಲೆ, ಆರಡಿ ಜಾಗ, ಧಾರಾಳ ಸಾಕು.

ಟೈಲ್ಸ್ ಮೇಲೆ ನೀರು ಚೆಲ್ಲಿದ್ರೆ ಮಗು ಜಾರುತ್ತೆ. ಜಮಖಾನ ಹಾಸಿ, ಅದರಡಿಗೆ ರಬ್ಬರ್ ಮ್ಯಾಟ್ ಇರಲಿ.

ಶೆಲ್ಫ್ ಮಗುವಿನ ಎದೆಮಟ್ಟಕ್ಕಿರಲಿ. ಕಿಟಕಿ ಕೆಳಗೆ ಮಾತ್ರ ಇಡಬೇಡಿ. ಎಷ್ಟೇ ಗಿಡ್ಡ ಇದ್ರೂ ಕ್ಲಾಂಪ್ ಹಾಕಿ ಗೋಡೆಗೆ ಸ್ಕ್ರೂ ಮಾಡಿಸಿ. ಮಕ್ಕಳು ಅದನ್ನ ಹತ್ತೇ ಹತ್ತುತ್ತಾರೆ! ಬಾಡಿಗೆ ಮನೆ, ಓನರ್ ಏನಂತಾರೋ ಅಂತ ಇದೊಂದನ್ನ ಬಿಡಬೇಡಿ. ತೂತು ಮುಚ್ಚೋಕೆ ಒಂದು ಹಿಡಿ ವೈಟ್ ಸಿಮೆಂಟ್ ಸಾಕು.

ಆಟಿಕೆಗೆ ಚನ್ನಪಟ್ಟಣ ಇದೆ, ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ಅಲ್ಲಿ ಹಾಲೆ ಮರದ ತುಂಡು ಲೇತ್‌ನಲ್ಲಿ ತಿರುಗ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ, ಅಂಚೆಲ್ಲ ನುಣುಪು. ಪ್ಲಾಸ್ಟಿಕ್ ರಾಶಿಗಿಂತ ಇಂಥವು ನಾಲ್ಕಿದ್ರೂ ಚೆನ್ನ.

3 ವರ್ಷದೊಳಗಿನ ಮಗುವಾದ್ರೆ ಒಂದು ಪರೀಕ್ಷೆ: ಟಾಯ್ಲೆಟ್ ಪೇಪರ್ ರೋಲ್‌ನ ಒಳಗೆ ತೂರೋ ಸಾಮಾನು ಯಾವುದೂ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅಜ್ಜಿಯ ಚೌಕಾಬಾರದ ಕವಡೆಯೂ ಅಷ್ಟೇ, ಅಲ್ಲಿವರೆಗೂ ಸಜ್ಜದ ಮೇಲಿರಲಿ.