ಒಂದು ಗೂಡು, ಎರಡು ರೀಡು, ಬಾಗುವ ಸ್ವರ

ಹಾರ್ಮೋನಿಯಂ ಕಲಿತವರು ಬ್ಲೂಸ್ ಸಂಗೀತ ಕೇಳಿದಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹಾರ್ಮೋನಿಯಂನಲ್ಲೂ ರೀಡು, ಮೌತ್ ಆರ್ಗನ್‌ನಲ್ಲೂ ರೀಡು. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಸ್ವರ ಜಾರುವುದೇ ಇಲ್ಲ. ಆದರೆ ಅಮೆರಿಕದ ವಾದಕರು ಅಂಗೈಯಲ್ಲಿ ಅಡಗುವ ಈ ಪುಟ್ಟ ವಾದ್ಯದಲ್ಲಿ ಸ್ವರವನ್ನು ಬಿಕ್ಕುವಂತೆ ಎಳೆದು ಇಳಿಸುತ್ತಾರಲ್ಲ, ಅದು ಹೇಗೆ?

ತುಟಿ ಬಿಗಿಹಿಡಿದು ಜೋರಾಗಿ ಹೀರಬೇಕು ಎಂಬುದು ಬಹಳ ಜನರ ನಂಬಿಕೆ. ಇದು ಶುದ್ಧ ತಪ್ಪು. ಜೋರು ಮಾಡಿದರೆ ರೀಡು ಹಾಳಾಗುತ್ತದೆಯೇ ಹೊರತು ಸ್ವರ ಬಗ್ಗುವುದಿಲ್ಲ. ವಾದ್ಯವನ್ನು ನೀರಿನಲ್ಲಿ ನೆನೆಸಿದರೆ ಸುಲಭ ಎನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಒಳಗಿನ ಮರದ ಹಲಗೆ ಉಬ್ಬಿ ತುಟಿ ತರಚುತ್ತದೆ. ಈ ಪದ್ಧತಿಯನ್ನು ದಯವಿಟ್ಟು ಕೈಬಿಡಬೇಕು.

ನಿಜವಾದ ಗುಟ್ಟು ಗೂಡಿನೊಳಗಿದೆ. ಡಯಾಟೊನಿಕ್ ಹಾರ್ಮೋನಿಕಾ ಎಂಬ ಹತ್ತು ತೂತಿನ ಮೌತ್ ಆರ್ಗನ್‌ನಲ್ಲಿ ಪ್ರತಿ ತೂತಿಗೂ ಎರಡು ರೀಡುಗಳು: ಊದಿದಾಗ ನುಡಿಯುವುದೊಂದು, ಉಸಿರೆಳೆದಾಗ ನುಡಿಯುವುದೊಂದು. ಎರಡಕ್ಕೂ ಗೂಡು ಒಂದೇ. ಉಸಿರೆಳೆಯುತ್ತಲೇ ನಾಲಿಗೆಯನ್ನು ‘ಈ’ಯಿಂದ ‘ಊ’ ಕಡೆಗೆ ಸರಿಸಿದರೆ ಬಾಯಿಯ ಪೊಳ್ಳಿನ ಅನುರಣನ ತಗ್ಗುತ್ತದೆ, ರೀಡಿನ ಕಂಪನವೂ ಅದರ ಹಿಂದೆ ಇಳಿಯುತ್ತದೆ. ಇಳಿದಂತೆಲ್ಲ ಒಂದು ಸೊಗಸಾದ ಸಂಗತಿ ನಡೆಯುತ್ತದೆ. ಎಳೆತದ ರೀಡು ಹಿಂದೆ ಸರಿದು, ಅಲ್ಲಿಯವರೆಗೆ ಹೆಚ್ಚುಕಡಿಮೆ ಸುಮ್ಮನಿದ್ದ ಊದುವ ರೀಡು ಹಾಡತೊಡಗುತ್ತದೆ! ಪಿಟ್ಸ್‌ಬರ್ಗ್‌ನ ಹೃದಯ ಶಸ್ತ್ರವೈದ್ಯ ಹೆನ್ರಿ ಬ್ಯಾನ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ರೀಡುಗಳ ಈ ಪಾಲುಗಾರಿಕೆಯನ್ನು ವಿವರಿಸಿತು. ಹೃದಯ ಕೊಯ್ಯುವ ಕೈಗಳು ಮೌತ್ ಆರ್ಗನ್ ರೀಡುಗಳ ಬೆನ್ನು ಹತ್ತಿದ್ದು ಎಂಥ ಚೆಂದ!

ಸ್ವರ ಎಲ್ಲಿಯವರೆಗೆ ಬಗ್ಗಬಹುದು ಎಂಬುದಕ್ಕೂ ಈ ಜೋಡಿಯೇ ಮಿತಿ ಹಾಕುತ್ತದೆ. ಊದುವ ಸ್ವರಕ್ಕಿಂತ ಅರ್ಧ ಸ್ವರ ಮೇಲೆ ಬಂದು ಬಗ್ಗಿದ ಸ್ವರ ನಿಲ್ಲುತ್ತದೆ.

ಜರ್ಮನಿಯ ಹೋನರ್ ಕಂಪನಿ 1896ರಲ್ಲಿ ‘ಮರೀನ್ ಬ್ಯಾಂಡ್’ ತಂದದ್ದು ಇಂಥ ನುಡಿಸಾಣಿಕೆಗಲ್ಲ, ಊರ ಹಾಡುಗಳಿಗೆ. ಸ್ವರಮೇಳ ತುಂಬಿ ಬರಲೆಂದು ಈ ಬಗೆಯ ವಾದ್ಯದ ಕೆಳ ಸ್ಥಾಯಿಯಲ್ಲಿ ಎರಡು ಸ್ವರಗಳನ್ನೇ ಬಿಟ್ಟಿದ್ದರು. ಅವನ್ನು ಬಗ್ಗಿಸಿ ಹೊರಗೆಳೆದವರು ಅಮೆರಿಕದ ದಕ್ಷಿಣ ಪ್ರಾಂತ್ಯದ ಕರಿಯ ಸಂಗೀತಗಾರರು. ಅವರಲ್ಲೊಬ್ಬನಾದ ಡಿಫೋರ್ಡ್ ಬೈಲಿ 1927ರಲ್ಲೇ ಧ್ವನಿಮುದ್ರಣದಲ್ಲಿ ಈ ವಾದ್ಯದಿಂದ ರೈಲಿನ ಸದ್ದನ್ನೇ ಹೊರಡಿಸಿದ್ದ.

ನಮ್ಮ ಸಂಗೀತ ಬಲ್ಲವರಿಗೆ ಹಿಗ್ಗು ತರುವ ಲೆಕ್ಕ ಇಲ್ಲಿದೆ. ಸಿ ಶ್ರುತಿಯ ಹಾರ್ಮೋನಿಕಾ ಎಂದರೆ ಒಂದನೇ ಮನೆ ಶ್ರುತಿ. ಮೊದಲ ತೂತು ಊದಿದರೆ ಷಡ್ಜ. ಅಲ್ಲೇ ಎಳೆದರೆ ಚತುಶ್ರುತಿ ರಿಷಭ, ಬಗ್ಗಿಸಿದರೆ ಶುದ್ಧ ರಿಷಭ. ಎರಡನೆಯದು ಊದಿದರೆ ಅಂತರ ಗಾಂಧಾರ, ಎಳೆದರೆ ಪಂಚಮ. ಅದೇ ಪಂಚಮವನ್ನು ಬಗ್ಗಿಸುತ್ತ ಹೋದರೆ ಪ್ರತಿ ಮಧ್ಯಮ, ಆಮೇಲೆ ಶುದ್ಧ ಮಧ್ಯಮ. ಮೂರನೆಯದಂತೂ ಅಕ್ಷಯಪಾತ್ರೆ: ಕಾಕಲಿ ನಿಷಾದದಿಂದ ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಕೊನೆಗೆ ಶುದ್ಧ ಧೈವತ. ನಾಲ್ಕನೆಯದು ಊದಿದರೆ ಮೇಲಿನ ಷಡ್ಜ. ಪುರಂದರದಾಸರು ಹಾಕಿಕೊಟ್ಟರೆನ್ನುವ ಮಾಯಾಮಾಳವಗೌಳದ ಸರಳೆವರಸೆ ಇಡಿಯಾಗಿ ಈ ನಾಲ್ಕು ತೂತುಗಳಲ್ಲಿದೆ. ರಿ, ಮ, ದ ಮಾತ್ರ ಬಗ್ಗಿಸಿಯೇ ಬರಬೇಕು.

ಕಷ್ಟ ಇರುವುದು ನಿಖರತೆಯಲ್ಲಿ. ಮೂರನೇ ತೂತಿನಲ್ಲಿ ಹೊಸಬರ ಸ್ವರ ನೇರ ತಳಕ್ಕೆ ಬೀಳುತ್ತದೆ; ನಡುವೆ ನಿಲ್ಲಲು ಮೆಟ್ಟಿಲೇ ಇಲ್ಲ. ಶ್ರುತಿಪೆಟ್ಟಿಗೆ ಹಾಕಿಕೊಂಡು, ಬೇಕಾದ ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಎಳೆಯುವುದು ಒಳ್ಳೆಯ ದಾರಿ. ಆರನೇ ತೂತಿನ ಎಳೆತ ಅದೇ ಚತುಶ್ರುತಿ ಧೈವತವನ್ನು ಒಂದು ಸ್ಥಾಯಿ ಮೇಲೆ ಕೊಡುತ್ತದೆ, ಐದನೆಯದರ ಎಳೆತ ಶುದ್ಧ ಮಧ್ಯಮವನ್ನು. ಬಗ್ಗಿಸಿದ ಸ್ವರವನ್ನು ಇವುಗಳ ಜೊತೆ ತಾಳೆ ನೋಡಿದರೆ ತಪ್ಪು ಕೂಡಲೇ ಕಿವಿಗೆ ಬೀಳುತ್ತದೆ.

ಕೊಳ್ಳುವ ಮುನ್ನ ಒಂದು ಎಚ್ಚರ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಎರಡು ಸಾಲು ತೂತಿನ ಟ್ರೆಮೊಲೊ ಮೌತ್ ಆರ್ಗನ್‌ನಲ್ಲಿ ಪ್ರತಿ ರೀಡಿಗೂ ಪ್ರತ್ಯೇಕ ಗೂಡು. ಅಲ್ಲಿ ಜೋಡಿ ರೀಡಿನ ಈ ಆಟ ನಡೆಯದು. ಬಗ್ಗಿಸಿ ನುಡಿಸುವ ಆಸೆಯಿದ್ದರೆ ಹತ್ತು ತೂತಿನ ಡಯಾಟೊನಿಕ್ ಬೇಕೆಂದೇ ಕೇಳಿ ಪಡೆಯಿರಿ.